ಡಚ್ಚಿಯ ಅರ್ಧ ಮಾತ್ರೆ

ಕುಮಟಾದ ಪ್ರಾಣಿ ಡಾಕ್ಟರ ವೇಟಿಂಗ್ ರೂಮಿನಲ್ಲಿ ಹಳೆಯ ಮ್ಯಾಗಝೀನುಗಳ ಒಂದು ರಾಶಿ ಬಿದ್ದಿರುತ್ತದೆ. ಕಾಯಿಲೆ ಗೆದ್ದು ಬಂದವರ ಬರಹಗಳಿದ್ದರೆ ನಾನು ತಪ್ಪದೆ ಓದುತ್ತಿದ್ದೆ. ಎಲ್ಲರೂ ಕೊನೆಯ ಪ್ಯಾರಾದಲ್ಲಿ ಗುಣವಾಗಿ, ಮೊದಲಿಗಿಂತ ಒಳ್ಳೆಯ ಮನುಷ್ಯರಾಗಿ ಮನೆಗೆ ಹೋಗುತ್ತಾರೆ. ಓದಿ ಮಡಚಿಟ್ಟು ಕೆಳಗೆ ನೋಡಿದರೆ ನಮ್ಮ ನಾಯಿ ಡಚೆಸ್ ನನ್ನ ಚಪ್ಪಲಿಯ ಮೇಲೆ ಗಲ್ಲ ಊರಿಕೊಂಡು, ಕಾಣದ ಕಣ್ಣುಗಳನ್ನು ಬಾಗಿಲ ಕಡೆ ತಿರುಗಿಸಿ ಮಲಗಿರುತ್ತಿದ್ದಳು. ಫ್ರ್ಯಾಂಕ್ಲಿ ಮೊದಲೇ ಹೇಳಿಬಿಡುತ್ತೇನೆ, ಇದು ಆ ಥರದ ಬರಹವಲ್ಲ. ನಮ್ಮ ನಾಯಿ ಗುಣವಾಗಲಿಲ್ಲ. ನಾನೂ ಮೊದಲಿಗಿಂತ ಒಳ್ಳೆಯವಳಾದ ಹಾಗೆ ಕಾಣೆ. ಆದರೂ ಇಂಥದೊಂದು ಬೆಂಚಿನ ಮೇಲೆ ಕೈಗೆ ಹಗ್ಗ ಸುತ್ತಿಕೊಂಡು ಯಾರಾದರೂ ಈಗ ಕೂತಿದ್ದರೆ, ಅದೇ ಬೆಂಚಿನ ತುದಿಯಲ್ಲಿ ಒಬ್ಬ ಮುದುಕಿಯೂ ಕೂತು ಎದ್ದು ಹೋಗಿದ್ದಾಳೆ ಎಂದು ಅವರಿಗೆ ಗೊತ್ತಿರಲಿ.

ನಮ್ಮದು ಭಟ್ಕಳದ ಹತ್ತಿರದ ಬೆಳಕೆ. ಮನೆಯಲ್ಲಿ ನಾನು ಮತ್ತು ನನ್ನ ನಾದಿನಿ ಮಾಲಿನಿ. ನಾನು ಭಟ್ಕಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನನ್ನ ಯಜಮಾನರು ಹೋಗಿ ಬಹಳ ಕಾಲವಾಯಿತು. ಅವರ ತಂಗಿ ಮಾಲಿನಿ ಮದುವೆ ಬೇಡವೆಂದು ಉಳಿದವಳು. ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತಾಳೆ. ಉಳಿದ ಅರ್ಧ ಹೆಂಗಸರು ಬ್ಲೌಸ್ ನೆವದಲ್ಲಿ ಮಾತಾಡಲು ಬರುತ್ತಾರೆ. ಡಚೆಸ್ ಎಂಬ ಹೆಸರು ನಾನಿಟ್ಟದ್ದು. ಹೈವೇ ಬದಿಯಲ್ಲಿ ಸಿಕ್ಕಿದ ಕಂದು ಬಣ್ಣದ ಸಾದಾ ಊರನಾಯಿ ಮರಿ. ಆದರೆ ಮುಂದಿನ ಎರಡು ಕಾಲು ಜೋಡಿಸಿ ಕೂರುವ ಅವಳ ಗತ್ತು ನೋಡಿದರೆ ಬೇರೆ ಹೆಸರು ಹೊಳೆಯಲಿಲ್ಲ. ಊರಿನ ನಾಲಿಗೆಗೆ ಅದು ಡಚ್ಚಿ ಆಯಿತು. ಕೊನೆ ಕೊನೆಗೆ ಅವಳೂ ನನ್ನ ಡಚೆಸ್‌ಗೆ ಕಿವಿ ಮಾತ್ರ ಅಲ್ಲಾಡಿಸಿ, ಮಾಲಿನಿಯ ಡಚ್ಚಿಗೆ ಎದ್ದು ಬರುತ್ತಿದ್ದಳು. ಮಿಷನ್ನಿನ ಪೆಡಲ್ ಪಕ್ಕ ಅವಳ ಜಾಗ. ಮಾಲಿನಿ ಪೆಡಲ್ ತುಳಿಯುವಾಗ ಗಾಳಿ ಬೀಸಿ ಅವಳ ಬಾಲ ಅಲುಗುತ್ತಿತ್ತು.

ಮೊದಲು ಗೊತ್ತಾದದ್ದು ನೀರು. ಬೇಸಿಗೆಯ ಕೊನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿಯ ಬಾಲ್ದಿಯನ್ನು ಅವಳು ಖಾಲಿ ಮಾಡತೊಡಗಿದಳು. ಸೆಕೆಗೆ ಹಾಗೆ ಎಂದುಕೊಂಡೆವು. ಆಮೇಲೆ ಒಂದು ಬೆಳಿಗ್ಗೆ ಎದ್ದವಳು ನೇರ ಹೋಗಿ ಹೊಲಿಗೆ ಮಿಷನ್ನಿಗೆ ಹಣೆ ಬಡಿದುಕೊಂಡಳು. ಮಾಲಿನಿ ನಕ್ಕಳು. ಡಚ್ಚಿ ಹಿಂದೆ ಸರಿದು ಮತ್ತೆ ನಡೆದು ಮತ್ತೆ ಅಲ್ಲಿಗೇ ಬಡಿದುಕೊಂಡಾಗ ನಗು ನಿಂತಿತು.

ಅಷ್ಟರಲ್ಲಿ ನಾಗವೇಣಿ ಬಂದಳು. ನಾಗವೇಣಿ ನಮಗೆ ಮೀನು ತರುವವಳು. ಅವಳದೊಂದು ರೂಢಿ ಇತ್ತು. ಜಗಲಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದರೆ ಮೊದಲು ಆ ಮನೆಯ ನಾಯಿ ಮೂಸಬೇಕು, ಅದಕ್ಕೆ ಒಂದು ತುಂಡು ಹೋಗಬೇಕು. ಆಮೇಲೆಯೇ ಮನುಷ್ಯರಿಗೆ ಮುಚ್ಚಳ ತೆಗೆಯುವುದು. “ನಾಯಿ ಮೂಸದ ಮೀನು ನೀವು ತಗೊಳ್ಳೂಕಾಗ, ಅಕ್ಕೋರೆ” ಎಂದು ನನಗೇ ಪಾಠ ಹೇಳುತ್ತಿದ್ದಳು. ನಾನು ಟೀಚರ್ ಆಗಿದ್ದವಳು ಎಂಬ ಗೌರವ ಆ ‘ಅಕ್ಕೋರೆ’ಯಲ್ಲಿ ಮಾತ್ರ. ಆ ದಿನ ಡಚ್ಚಿ ವಾಸನೆ ಹಿಡಿದು ಬಂದು ಬುಟ್ಟಿಯೊಳಗೇ ಕಾಲಿಟ್ಟಳು.

“ಅಯ್ಯಯ್ಯೋ, ಎಂತ ಆತು ಇದ್ಕೆ? ಕಣ್ಣು ಕಾಣೂದಿಲ್ವಾ?” ಎಂದಳು ನಾಗವೇಣಿ. ನಾವಿಬ್ಬರು ಹೇಳಲು ಹೆದರುತ್ತಿದ್ದ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತು.

ನಮ್ಮನ್ನು ಕುಮಟಾಕ್ಕೆ ಕರೆದೊಯ್ದವನು ಇಲಿಯಾಸ್. ಭಟ್ಕಳದವನು, ನನ್ನ ಹಳೆಯ ವಿದ್ಯಾರ್ಥಿ, ಈಗ ಗಡ್ಡದಲ್ಲಿ ಬಿಳಿ ಬಂದಿದೆ. ಪ್ಯಾಸಿವ್ ವಾಯ್ಸ್ ಕಲಿಯದೆಯೇ ಸ್ಕೂಲು ಮುಗಿಸಿ, ಓಮ್ನಿ ಇಟ್ಟುಕೊಂಡು ಸುಖವಾಗಿದ್ದಾನೆ. ಹಿಂದಿನ ಸೀಟು ಮಡಚಿ ತಾಡಪಾಲು ಹಾಸಿದ.

“ಮಿಸ್, ತಪ್ಪು ತಿಳ್ಕೋಬೇಡಿ. ನಾಯಿ ಮುಂದೆ ಬರದ ಹಾಗೆ ಹಿಡ್ಕೊಳ್ಳಿ. ಅದ್ರ ಬಾಯಿ ನಂಗೆ ತಾಗಿದ್ರೆ ಬಟ್ಟೆ ಬದ್ಲಿಸ್ಬೇಕು. ಇವತ್ತು ಜುಮಾ, ನಮಾಜಿಗೆ ಹೋಗ್ಲಿಕ್ಕುಂಟು.”

“ನೀನು ರಸ್ತೆ ನೋಡು, ಇಲಿಯಾಸ್. ಅವಳು ನಿನ್ನನ್ನು ಮುಟ್ಟುವುದಿಲ್ಲ. ಅವಳೂ ಕ್ಲಾಸ್ ನೋಡಿಯೇ ಮುಟ್ಟುವವಳು.”

“ಅದು ಗೊತ್ತುಂಟು ಮಿಸ್. ಹೆಸ್ರು ಇಟ್ಟವ್ರು ಯಾರು!” ಎಂದು ನಕ್ಕ. ಹೊನ್ನಾವರದ ಶರಾವತಿ ಸೇತುವೆ ಮೇಲೆ ಹೋಗುವಾಗ ಡಚ್ಚಿ ತಲೆ ಎತ್ತಿ ಉಪ್ಪುಗಾಳಿ ಮೂಸಿದಳು. ಹಾಗೆ ಮೂಸುವವಳಿಗೆ ಏನಾದರೂ ದೊಡ್ಡದು ಆಗಿರಲಾರದು ಎಂದು ನಾನು ಅಂದುಕೊಂಡೆ.

ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ರಕ್ತ ತೆಗೆದರು. ಆಮೇಲೆ ಎಳೆಮಗುವಿನ ತೋಳಿಗೆ ಕಟ್ಟುವಂಥ ಪುಟ್ಟ ಪಟ್ಟಿ ತಂದಾಗ ನನಗೆ ಆಶ್ಚರ್ಯವಾಯಿತು. ನಾಯಿಗೂ ಬಿಪಿ ನೋಡುತ್ತಾರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. “ಈಗ ಹೆದ್ರಿದ್ದಾಳೆ, ಈಗ ನೋಡಿದ್ರೆ ಸುಳ್ಳು ಲೆಕ್ಕ ಬರ್ತದೆ. ಅವಳನ್ನ ತಬ್ಬಿ ಕೂತ್ಕೊಳ್ಳಿ, ಸುಮ್ನೆ” ಎಂದು ಬಾಗಿಲು ಮುಂದೆ ಮಾಡಿ ಹೋದರು. ಮಾಲಿನಿ ನೆಲದ ಮೇಲೆ ಕಾಲು ಚಾಚಿ ಕೂತು ಡಚ್ಚಿಯನ್ನು ತೊಡೆಗೆ ಎಳೆದುಕೊಂಡಳು. ಅಷ್ಟು ಹೊತ್ತು ಆ ಕೋಣೆಯಲ್ಲಿ ಯಾರೂ ಏನೂ ಮಾಡಲಿಲ್ಲ. ಕಾಯಿಲೆಯ ಇಡೀ ಕಾಲದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಅದನ್ನೇ. ಏನೂ ಗೊತ್ತಾಗಿರದ ಆ ಹೊತ್ತು.

ಪಟ್ಟಿ ಕಟ್ಟಿ ನೋಡಿದರು. ಒತ್ತಡ ಬಹಳ ಹೆಚ್ಚು. ಆ ಒತ್ತಡಕ್ಕೇ ಕಣ್ಣಿನೊಳಗಿನ ಪರದೆ ಕಿತ್ತು ಬಂದಿದೆ, ದೃಷ್ಟಿ ವಾಪಸು ಬರುವುದು ಅನುಮಾನ. ಮೂಲ ಕಾರಣ ಕಿಡ್ನಿ.

“ಕಿಡ್ನಿ ಒಳಗೆ ಸಣ್ಣ ಸಣ್ಣ ಜರಡಿ ಅದೆ ಅಂದ್ಕೊಳ್ಳಿ, ಅಮ್ಮ” ಎಂದರು ಡಾಕ್ಟರು. “ರಕ್ತ ಒಂದು ಪೈಪಿಂದ ಒಳಗೆ ಬರ್ತದೆ, ಇನ್ನೊಂದ್ರಿಂದ ಹೊರಗೆ ಹೋಗ್ತದೆ. ಜರಡಿಗೆ ಒತ್ತಡ ಸಾಲ್ದು ಅನ್ಸಿದ್ರೆ ಕಿಡ್ನಿ ಒಂದು ಹಾರ್ಮೋನ್ ಬಿಡ್ತದೆ. ಅದ್ರಿಂದ ಹೊರಗಿನ ಪೈಪು ಬಿಗಿ ಆಗ್ತದೆ. ಆಗ ಒತ್ತಡ ಸಿಗ್ತದೆ, ಸೋಸೋ ಕೆಲ್ಸ ನಡೀತದೆ. ಆದ್ರೆ ಆ ಬಿಗಿ ದಿನಾ ಹಾಗೇ ಉಳಿದ್ರೆ ಮೈಯೆಲ್ಲ ಬಿಪಿ ಏರ್ತದೆ, ಜರಡೀನೂ ಹರೀತದೆ.”

“ಅಂದರೆ ತನ್ನನ್ನು ಉಳಿಸಿಕೊಳ್ಳಲು ಮಾಡಿದ ಕೆಲಸವೇ ಅದನ್ನು ಕೊಲ್ಲುವುದಾ?”

“ಹೆಚ್ಚು ಕಮ್ಮಿ ಹಾಗೇ. ಹರಿದದ್ದು ಮತ್ತೆ ಕೂಡೂದಿಲ್ಲ. ಉಳಿದದ್ದನ್ನ ಸ್ವಲ್ಪ ದಿನ ಕಾಯ್ಬಹುದು.”

ಆ ಹೊರಗಿನ ಪೈಪನ್ನು ಸಡಿಲ ಮಾಡುವ ಮಾತ್ರೆ ಬರೆದುಕೊಟ್ಟರು. ಚೀಟಿ ನೋಡಿ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ನಾನು ದಿನಾ ಬೆಳಿಗ್ಗೆ ನುಂಗುವ ಬಿಪಿ ಮಾತ್ರೆ. ನನಗೆ ಒಂದು, ಅವಳಿಗೆ ಅರ್ಧ.

ಮನೆಗೆ ಬಂದ ಮೇಲೆ ಸುದ್ದಿ ಊರೆಲ್ಲ ಹಬ್ಬಿತು. ಬ್ಲೌಸ್ ಕೊಡಲು ಬಂದವರು ಡಚ್ಚಿಯನ್ನು ನೋಡಿ ನಕ್ಕರು, ಕನಿಕರ ಪಟ್ಟರು, ಮತ್ತೆ ನಕ್ಕರು. ನಾಗವೇಣಿಗಂತೂ ನಂಬಲಾಗಲಿಲ್ಲ.

“ನಾಯಿಗೂ ಬಿಪಿಯಾ ಅಕ್ಕೋರೆ? ಅದ್ಕೆ ಎಂತ ಟೆನ್ಷನ್? ಬ್ಲೌಸ್ ಕೊಡೂಕೆ ತಡ ಮಾಡಿ ಬೈಸ್ಕೊಳ್ಳೂದು ಮಾಲಕ್ಕ, ಬಿಪಿ ಮಾತ್ರ ಡಚ್ಚಿಗೆ!”

“ನನ್ನ ಬಾಬ್ತಿನ ಬೈಗುಳ ಎಲ್ಲಾ ಅವಳೇ ಕೇಳಿಸ್ಕೊಳ್ಳೂದಲ್ದಾ, ಅದ್ಕೇ ಬಂತು” ಎಂದಳು ಮಾಲಿನಿ. ಅವಳಿಗೂ ನಗು ಬಂದಿತ್ತು. ನಾಗವೇಣಿ ಹೋದ ಮೇಲೆ ಹಿತ್ತಲಿಗೆ ಹೋಗಿ ಅತ್ತಳು. ನಾನು ಹಿಂದೆ ಹೋಗಲಿಲ್ಲ. ಅವಳು ಅಣ್ಣ ತೀರಿಕೊಂಡಾಗಲೂ ಹಾಗೇ ಒಬ್ಬಳೇ ಅತ್ತವಳು.

ಮಾತ್ರೆ ಕೊಡುವ ವಿದ್ಯೆ ನನಗೆ ಗೊತ್ತಿತ್ತು. ನಮ್ಮ ಕಾನ್ವೆಂಟ್ ಹಾಸ್ಟೆಲಿನಲ್ಲಿ ಒಬ್ಬರು ಸಿಸ್ಟರ್ ಮಳೆಗಾಲ ಪೂರ್ತಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಮೀನೆಣ್ಣೆ ಕುಡಿಸುತ್ತಿದ್ದರು. ಓಪನ್. ಸ್ವಾಲೋ. ಶೋ ಮಿ. ಮೂರೇ ಮಾತು. ಕೊನೆಗೆ ಬಾಯಿ ತೆರೆದು ಖಾಲಿ ನಾಲಿಗೆ ತೋರಿಸದೆ ಯಾರೂ ಸಾಲು ಬಿಡುವ ಹಾಗಿಲ್ಲ. ಡಚೆಸ್‌ಗೂ ಹಾಗೇ ಮಾಡಿದೆ. ದವಡೆ ಬಿಡಿಸಿ, ನಾಲಿಗೆಯ ಬುಡಕ್ಕೆ ಮಾತ್ರೆ ಇಟ್ಟು, ಬಾಯಿ ಮುಚ್ಚಿ ಹಿಡಿದು, ಗಂಟಲು ಅಲುಗುವವರೆಗೆ ನೀವುವುದು. ಶೋ ಮಿ ಎಂದರೆ ಅವಳು ನನ್ನ ಅಂಗೈಗೆ ಮಾತ್ರೆ ಉಗಿದಳು. ಮತ್ತೆ ಇಟ್ಟೆ. ಕಣ್ಣು ಕಾಣದವಳಿಗೆ ಎಲ್ಲಿಂದ ಯಾರ ಕೈ ಬರುತ್ತದೆಂದು ತಿಳಿಯದೆ ಮೈಯೆಲ್ಲ ನಡುಗುತ್ತಿತ್ತು.

“ಬಿಡಿ ಅತ್ತಿಗೆ, ಹೀಗೆ ಹಿಂಸೆ ಮಾಡಿದ್ರೆ ಬಿಪಿ ಇಳೀತದಾ?” ಎಂದು ಮಾಲಿನಿ ಅವಳನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. “ನಾನು ಕೊಡ್ತೆ. ನಂಗೆ ಬಿಡಿ.”

ಮರುದಿನದಿಂದ ಆ ಕೆಲಸ ಮಾಲಿನಿಯದಾಯಿತು. ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಬ್ಲೇಡಿನಿಂದ ಸಮ ಎರಡು ಮಾಡಿ, ಥಂಡಿ ಹಿಡಿಯದ ಹಾಗೆ ಬ್ಲೌಸಿನ ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಳು. ಬೆಳಿಗ್ಗೆ ನಾನು ದೇವರ ದೀಪ ಹಚ್ಚಿ ಬರುವುದರೊಳಗೆ “ಆತು, ನುಂಗಿದ್ಲು” ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು. ಜಗಳವಿಲ್ಲ, ಉಗಿಯುವುದಿಲ್ಲ. ಡಚ್ಚಿ ಬಾಲ ಆಡಿಸುತ್ತಾ ಹೊರಗೆ ಬರುತ್ತಿದ್ದಳು. ಹೊರಗೆ ಮಳೆ ಹಿಡಿದಿತ್ತು. ನನಗೂ ಸ್ವಲ್ಪ ಹೋಪ್ ಬಂತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಮತ್ತೆ ಕುಮಟಾಕ್ಕೆ ಹೋದಾಗ ಡಾಕ್ಟರು ಪಟ್ಟಿ ಬಿಚ್ಚಿ ಇನ್ನೊಂದು ಕಾಲಿಗೆ ಕಟ್ಟಿ ನೋಡಿದರು. ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು. ಒತ್ತಡ ಇಳಿದಿರಲಿಲ್ಲ. ಕಿಡ್ನಿಯ ಲೆಕ್ಕ ಮೊದಲಿಗಿಂತ ಕೆಟ್ಟಿತ್ತು.

“ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋಗ್ತಾ ಅದ್ಯಾ?”

“ಒಂದು ದಿನಾನೂ ತಪ್ಪಲಿಲ್ಲ ಡಾಕ್ಟ್ರೆ” ಎಂದಳು ಮಾಲಿನಿ. “ಈಗ ಅವಳೇ ಕೇಳಿ ತಿಂತಾಳೆ.”

“ಕೇಳಿ ತಿಂತಾಳಾ? ಎಂತದ್ರಲ್ಲಿ ಇಟ್ಟು ಕೊಡ್ತೀರಿ?”

“ಒಣ ಬಂಗಡೇಲಿ.” ಮಾಲಿನಿಯ ಬೆರಳುಗಳು ಗಾಳಿಯಲ್ಲೇ ಮೀನು ಬಿಡಿಸತೊಡಗಿದವು. “ಕೆಂಡದ ಮೇಲೆ ಸುಟ್ಟು, ಮುಳ್ಳು ತೆಗ್ದು, ನಡೂಮಧ್ಯ ಮಾತ್ರೆ ಇಟ್ಟು ಉಂಡೆ ಕಟ್ಟೂದು. ಬೇರೆ ಎಂತದ್ರಲ್ಲಿ ಇಟ್ರೂ ಹೆಕ್ಕಿ ಉಗೀತಾಳೆ. ಬಂಗಡೆ ವಾಸ್ನೆಗೆ ಮಾತ್ರೆ ವಾಸ್ನೆ ಗೊತ್ತಾಗೂದಿಲ್ಲ.”

“ಉಪ್ಪು ಹಾಕಿ ಒಣಗ್ಸಿದ್ದಾ?”

“ಉಪ್ಪು ಹಾಕದೆ ಮೀನು ಒಣಗ್ತದಾ, ಡಾಕ್ಟ್ರೆ? ಹುಳ ಬೀಳ್ತದೆ!” ಎಂದು ಮಾಲಿನಿ ನಕ್ಕಳು. ಡಾಕ್ಟರು ನಗಲಿಲ್ಲ. ಮಾಲಿನಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೆರಳುಗಳು ಇನ್ನೂ ಮೀನು ಬಿಡಿಸುವ ಹಾಗೆಯೇ ಇದ್ದವು.

ನಮ್ಮ ಕಡೆಯ ಯಾವ ಮನೆಯಲ್ಲಾದರೂ ಇದೇ ಆಗುತ್ತಿತ್ತು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಸರಕಾರದ ನಿಷೇಧ. ಆ ದಿನಗಳಿಗೆಂದು ಬೇಸಿಗೆಯಲ್ಲೇ ಉಪ್ಪು ತುಂಬಿ ಒಣಗಿಸಿಟ್ಟ ಬಂಗಡೆ ಎಲ್ಲರ ಅಟ್ಟದ ಮೇಲೂ ಇರುತ್ತದೆ. ಊಟ ಸೇರದವರಿಗೆ, ಜ್ವರ ಬಿಟ್ಟವರಿಗೆ, ಬಾಣಂತನ ಮುಗಿಸಿ ಎದ್ದವರಿಗೆ, ಬಾಯಿಗೆ ರುಚಿ ಬರಲೆಂದು ಗಂಜಿಯ ಜೊತೆ ಮೊದಲು ಇಡುವುದೇ ಒಂದು ಸುಟ್ಟ ಚೂರನ್ನು. ನನಗೆ ಮಾತ್ರ ಬಿಪಿ ಬಂದಾಗಲೇ ನನ್ನ ಡಾಕ್ಟರು ಅದನ್ನು ಬಿಡಿಸಿದ್ದರು. ಬೆಳಿಗ್ಗೆ ಸುಟ್ಟ ವಾಸನೆ ಬಂದರೆ ಮಾಲಿನಿಯ ಗಂಜಿಗೆಂದು ತಿಳಿದು ನಾನು ಮೂಗು ಬೇರೆ ಕಡೆ ಮಾಡಿಕೊಳ್ಳುತ್ತಿದ್ದೆ.

“ಈ ಉಪ್ಪಿಂದ್ಲೇ ಹೀಗಾತು ಅಂತ ನಾನು ಹೇಳೂದಿಲ್ಲ” ಎಂದರು ಡಾಕ್ಟರು. “ಕಾಯಿಲೆ ಮೊದ್ಲೇ ಬಹಳ ಮುಂದೆ ಹೋಗಿತ್ತು. ಆದ್ರೆ ಇಂಥ ಕಿಡ್ನಿಗೆ ಇಷ್ಟು ಉಪ್ಪು ಬೇಡವೇ ಬೇಡ. ಇವತ್ತಿಂದ ನಿಲ್ಲಿಸಿ.”

“ಹಸಿ ಮೀನು ಕೊಡ್ಬಹುದಾ?” ಮಾಲಿನಿಯ ದನಿ ಬಹಳ ಸಣ್ಣದಾಗಿತ್ತು.

“ಉಪ್ಪು ಹಾಕದೆ ಬೇಯ್ಸಿ, ಸ್ವಲ್ಪ. ತಿಂದ್ರೆ ಮಾತ್ರೆನೂ ಅದ್ರಲ್ಲೇ ಇಡಿ.”

“ಬೋಟು ಇಳೀಲಿಕ್ಕೆ ಇನ್ನೂ ದಿನ ಅದೆ.”

“ಅಲ್ಲಿವರೆಗೆ ನೋಡುವ” ಎಂದರು ಡಾಕ್ಟರು. ಅವರು ಸಮಾಧಾನಕ್ಕೆ ಹೇಳಿದ್ದು. ಮಾಲಿನಿ ಅದನ್ನು ಮಾತು ಕೊಟ್ಟ ಹಾಗೆ ಹಿಡಿದುಕೊಂಡಳು.

ವಾಪಸು ಬರುವಾಗ ಹೊನ್ನಾವರದ ಮೆಡಿಕಲ್ ಶಾಪಿನ ಮುಂದೆ ಇಲಿಯಾಸ್ ಗಾಡಿ ನಿಲ್ಲಿಸಿದ. ನಾನು ನನ್ನದೂ ಡಚ್ಚಿಯದೂ ಮಾತ್ರೆ ತೆಗೆದುಕೊಂಡು ಬಂದರೆ ಮಾಲಿನಿ ಕುತ್ತಿಗೆ ಬಗ್ಗಿಸಿ ಕೂತಿದ್ದಳು.

“ನಿಮ್ಗೆ ಒಣ ಮೀನು ಬೇಡ ಅಂದದ್ದು ನಂಗೆ ನೆನಪಿತ್ತು ಅತ್ತಿಗೆ. ಅದು ಮನುಷ್ಯರ ಪಥ್ಯ ಅಂದ್ಕೊಂಡೆ. ನಾಯಿಗೆ ಎಂತ ಪಥ್ಯ ಅಂತ.”

“ಡಾಕ್ಟರು ಹೇಳಿದ್ದು ಕೇಳಿದೆಯಲ್ಲ. ಅದರಿಂದಲೇ ಅಂತ ಹೇಳಲಿಲ್ಲ.”

“ಅದ್ರಿಂದ ಅಲ್ಲ ಅಂತ್ಲೂ ಹೇಳ್ಲಿಲ್ಲ.”

ನಾನು ಮಾತ್ರೆಯ ಪೊಟ್ಟಣವನ್ನು ಅವಳ ಮಡಿಲಲ್ಲಿಟ್ಟು ಬಾಗಿಲು ಎಳೆದುಕೊಂಡೆ. ಇದನ್ನು ಓದುವವರಲ್ಲಿ ಯಾರಾದರೂ ಇಂಥದೇ ಒಂದು ಉಂಡೆಯನ್ನು ಪ್ರೀತಿಯಿಂದ ಕಟ್ಟಿ ಕೊಟ್ಟಿದ್ದರೆ ಅವರಿಗೂ ನಾನು ಕೊಡಬಹುದಾದ ಸಮಾಧಾನ ಅಷ್ಟೇ: ಗೊತ್ತಿಲ್ಲ, ಮೈ ಡಿಯರ್, ಯಾರಿಗೂ ಗೊತ್ತಿಲ್ಲ.

ಅಟ್ಟದ ಬಂಗಡೆಯನ್ನೆಲ್ಲ ಮಾಲಿನಿ ನಾಗವೇಣಿಗೆ ಕೊಟ್ಟಳು. ಡಚ್ಚಿ ಊಟ ಬಿಟ್ಟಳು. ಅನ್ನ ಬೇಡ, ಕೋಳಿ ಬೇಡ. ಕಿಡ್ನಿ ಕಾಯಿಲೆಯ ನಾಯಿಗಳಿಗೆಂದೇ ಮಾಡಿದ ತಿಂಡಿಯನ್ನು ಡಾಕ್ಟರು ಮಂಗಳೂರಿನಿಂದ ತರಿಸಿಕೊಟ್ಟರು. ಅದಕ್ಕೆ ರಟ್ಟಿನ ಡಬ್ಬದ ವಾಸನೆ, ಅವಳು ಮುಖ ತಿರುಗಿಸಿದಳು. ಹೊಳೆ ಮೀನು ತಂದು ಬೇಯಿಸಿದರೆ ಮೂಸಿ ಬಿಟ್ಟಳು. ಬೆಳಿಗ್ಗೆ ಮಾತ್ರ ತಪ್ಪದೆ ಅಡುಗೆಮನೆಯ ಒಲೆಯ ಮುಂದೆ ಕೂತು, ಬರಬೇಕಾದ ವಾಸನೆಗಾಗಿ ಮೂಗು ಎತ್ತಿ ಕಾಯುತ್ತಿದ್ದಳು. ಅದನ್ನು ನೋಡಲಾಗದೆ ಮಾಲಿನಿ ತಾನೂ ಗಂಜಿ ಬಿಟ್ಟಳು. ಮಾತ್ರೆಗೆ ಮತ್ತೆ ನನ್ನ ಕಾನ್ವೆಂಟ್ ವಿದ್ಯೆಯೇ. ಡಚ್ಚಿಯ ಗಂಟಲು ಅಲುಗುವವರೆಗೆ ಮಾಲಿನಿ ಎದುರು ಕೂತು ನೋಡುತ್ತಿದ್ದಳು.

ಆಮೇಲೆ ವಾಂತಿ. ನೀರೂ ನಿಲ್ಲಲಿಲ್ಲ. ಕುಮಟಾದ ರಸ್ತೆಯಲ್ಲಿ ಮಳೆಗೆ ಮರ ಬಿದ್ದಿತ್ತು; ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, “ಮಾತ್ರೆ ಕೊಡ್ತಾ ಇದ್ದೀರಾ?”

“ಕೊಡುತ್ತಿದ್ದೇವೆ. ಉಪ್ಪಿಲ್ಲದೆ.”

“ನಿಲ್ಲಿಸಿ ಅಮ್ಮ. ಮೈಯಲ್ಲಿ ನೀರಿಲ್ದೇ ಇರುವಾಗ ಆ ಹೊರಗಿನ ಪೈಪಿನ ಬಿಗಿನೇ ಅವಳನ್ನ ಹಿಡ್ದಿಡೂದು. ಈಗ ಅದನ್ನ ಸಡಿಲ ಮಾಡಿದ್ರೆ ಜರಡಿಗೆ ಒತ್ತಡನೇ ಇರೂದಿಲ್ಲ, ಸೋಸೂದು ನಿಂತೇ ಹೋಗ್ತದೆ. ತಿಂದು ಕುಡಿದ ಮೇಲೆ ಮತ್ತೆ ಶುರು ಮಾಡುವ.”

ಫೋನ್ ಇಟ್ಟು ನಾನು ಲೆಕ್ಕ ಹಾಕಿದೆ. ಒತ್ತಡ ಏರಿದರೆ ಕಿಡ್ನಿ ಹರಿಯುತ್ತದೆ, ಇಳಿದರೆ ನಿಲ್ಲುತ್ತದೆ. ತಿಂದರೆ ಉಪ್ಪು, ತಿನ್ನದಿದ್ದರೆ ಮಾತ್ರೆಯೇ ವಿಷ. ಎರಡು ಕಡೆಯಿಂದಲೂ ಬಾಗಿಲು ಹಾಕಿಕೊಂಡ ಕೋಣೆಯೊಳಗೆ ನಮ್ಮ ನಾಯಿ ಕೂತಿದ್ದಳು. ಮಾಲಿನಿಗೆ ಹೇಳಿದೆ. ಅವಳು ಕ್ಯಾಲೆಂಡರ್ ಕಡೆ ನೋಡಿ, “ಬೋಟು ಇಳಿಯೂ ತನಕ ಹಿಡ್ಕೊಂಡ್ರೆ ಸಾಕು. ಹಸಿ ಬಂಗಡೆ ಬಂದ್ರೆ ಅವಳು ತಿಂತಾಳೆ, ಅತ್ತಿಗೆ. ನಂಗೆ ಗೊತ್ತು” ಎಂದಳು.

ರಸ್ತೆ ತೆರವಾಗಿ ಕುಮಟಾಕ್ಕೆ ಹೋದಾಗ, ಚರ್ಮದ ಕೆಳಗೆ ಸಲಾಯಿನ್ ಕೊಡಲು ಡಾಕ್ಟರು ನಮಗೆ ಕಲಿಸಿದರು. ಹೊಲಿದ ಬ್ಲೌಸ್ ತೂಗುಹಾಕುವ ಮೊಳೆಗೆ ಬಾಟಲಿ ತೂಗಿತು. ಜನ್ಮವಿಡೀ ಸೂಜಿ ಹಿಡಿದ ಮಾಲಿನಿ ಮೊದಲ ದಿನ ಮೂರು ಸಲ ಸೂಜಿಯನ್ನು ಚರ್ಮದವರೆಗೆ ತಂದು ಮೂರು ಸಲ ಹಿಂದೆ ತೆಗೆದಳು. ಆಮೇಲೆ ರೂಢಿಯಾಯಿತು. ಡಚ್ಚಿಯ ಭುಜದ ಹತ್ತಿರ ನೀರಿನ ಉಬ್ಬು ಏಳುತ್ತಿತ್ತು, ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಅವಳು ಅಲುಗುತ್ತಿರಲಿಲ್ಲ. ಬ್ಲೌಸಿಗೆ ಬಂದವರೂ ಈಗ ನಗುತ್ತಿರಲಿಲ್ಲ. ಮಿಷನ್ನಿನ ಮುಂದೆ ದನಿ ತಗ್ಗಿಸಿ ಅಳತೆ ಕೊಟ್ಟು ಹೋಗುತ್ತಿದ್ದರು. ನಾಗವೇಣಿಯ ಬುಟ್ಟಿಯಲ್ಲಿ ಒಣ ಮೀನು ಬಿಟ್ಟು ಬೇರೇನೂ ಇಲ್ಲದ ಕಾಲ. ಅವಳು ನಮ್ಮ ಮನೆ ದಾಟುವಾಗ ಬುಟ್ಟಿಯನ್ನು ರಸ್ತೆಯ ಆಚೆ ಬದಿಗೆ ಹಿಡಿದುಕೊಂಡು, ಕೊಡೆಯ ಮರೆ ಮಾಡಿಕೊಂಡು ಹೋಗುತ್ತಿದ್ದಳು. ಡಚ್ಚಿ ಆದರೂ ತಲೆ ಎತ್ತುತ್ತಿದ್ದಳು.

ಕೊನೆಯ ಸಲ ಕುಮಟಾಕ್ಕೆ ಹೊರಟ ದಿನ ಅವಳಿಗೆ ನಿಲ್ಲಲೂ ಆಗುತ್ತಿರಲಿಲ್ಲ. ನಾವಿಬ್ಬರು ಮುದುಕಿಯರು ಬೆಡ್‌ಶೀಟಿನ ಎರಡು ತುದಿ ಹಿಡಿದು ಎತ್ತಲು ಹೋಗಿ ಮಳೆಯಲ್ಲಿ ಜಾರಿದೆವು. ಇಲಿಯಾಸ್ ಸೀಟಿನಿಂದ ಇಳಿದು ಬಂದ. ಒಂದು ಕ್ಷಣ ನಿಂತ. ಆಮೇಲೆ ಬಗ್ಗಿ ಅವಳನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ. ಅವಳು ತೇವದ ಮೂಗನ್ನು ಅವನ ಅಂಗಿಗೆ ಒತ್ತಿ ಮೂಸಿದಳು.

“ಇಲಿಯಾಸ್, ನಿನ್ನ ಬಟ್ಟೆ...”

“ಮನೇಲಿ ಬೇಕಾದಷ್ಟು ಬಟ್ಟೆ ಉಂಟು, ಮಿಸ್. ನೀವು ಕೊಡೆ ಹಿಡೀರಿ.”

ಈ ಕಾಯಿಲೆಯಲ್ಲಿ ನಮಗೆ ಸಿಕ್ಕಿದ ದಯೆಗಳು ಹೆಚ್ಚಿಲ್ಲ. ಅದೊಂದು.

ಡಾಕ್ಟರು ರಿಪೋರ್ಟ್ ನೋಡಿ ಕುರ್ಚಿಯಿಂದ ಎದ್ದು ಬಂದು ನಮ್ಮ ಜೊತೆ ನೆಲದ ಮೇಲೆ ಕೂತರು. ಇನ್ನು ಮಾಡುವುದು ಹೆಚ್ಚಿಲ್ಲ ಎಂದರು. ನೋವಿಲ್ಲದೆ ಕಣ್ಣು ಮುಚ್ಚಿಸುವ ಒಂದು ಇಂಜೆಕ್ಷನ್ ಇದೆ, ಬೇಕೆಂದರೆ ಇವತ್ತೇ, ಮಾಲಿನಿಯ ತೊಡೆಯ ಮೇಲೇ ಕೊಡುತ್ತೇನೆ ಎಂದರು. ನಾನು ಮಾಲಿನಿಯನ್ನು ನೋಡಿದೆ. ನನಗೆ ಹೌದು ಎನ್ನುವ ಮನಸ್ಸಿತ್ತು.

“ಬರೂ ವಾರ ಬೋಟು ಇಳೀತದೆ” ಎಂದಳು ಮಾಲಿನಿ.

“ನಾನು ಕಾಯಿರಿ ಅಂತ ಹೇಳಲಾರೆ. ಕಾಯ್ಬೇಡಿ ಅಂತ್ಲೂ ಹೇಳಲಾರೆ” ಎಂದರು ಡಾಕ್ಟರು.

“ಕಾಯ್ತೆ.”

ಕಾದೆವು. ಬೋಟುಗಳು ಇಳಿದವು. ಆ ಬೆಳಿಗ್ಗೆ ನಾಗವೇಣಿ ಯಾವ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದಳು. ಡಚ್ಚಿ ಮೆಟ್ಟಿಲವರೆಗೂ ಬರಲಾಗದೆ ಮಿಷನ್ನಿನ ಕೆಳಗೇ ಇದ್ದಳು. ನಾಗವೇಣಿ ಎಂದೂ ಮೆಟ್ಟಿಲು ಹತ್ತದವಳು ಬುಟ್ಟಿ ಹೊತ್ತುಕೊಂಡೇ ಜಗಲಿಗೆ ಹತ್ತಿ ಬಂದು ಡಚ್ಚಿಯ ಮುಖದ ಮುಂದೆ ಇಳಿಸಿದಳು.

“ಏಳೇ ಡಚ್ಚಿ. ಮೂಸು. ನೀನು ಮೂಸದೆ ಇವತ್ತು ಈ ಊರಲ್ಲಿ ಯಾರಿಗೂ ಮೀನಿಲ್ಲ.”

ಬಹಳ ಹೊತ್ತು ಏನೂ ಆಗಲಿಲ್ಲ. ಬುಟ್ಟಿಯಿಂದ ನೀರು ಒಸರಿ ನೆಲದ ಮೇಲೆ ಹರಿಯಿತು. ಆಮೇಲೆ ಡಚ್ಚಿಯ ಮೂಗು ಅಲುಗಿತು. ಮೂಸಿದಳು. ಮಾಲಿನಿ ಓಡಿಹೋಗಿ ಒಂದು ಬಂಗಡೆಯನ್ನು ನೀರಿನಲ್ಲಿ ಬೇಯಿಸಿ, ಮುಳ್ಳು ತೆಗೆದು, ಊದಿ ಊದಿ ಆರಿಸಿ ತಂದಳು. ಡಚ್ಚಿ ಅವಳ ಬೆರಳಿನಿಂದ ಒಂದು ಚೂರು ತಿಂದಳು. ಇನ್ನೊಂದು ಚೂರು ತಿಂದಳು. ಆಮೇಲೆ ಬೆರಳನ್ನು ನೆಕ್ಕಿದಳು. ನಾಗವೇಣಿ ಸೆರಗಿನಿಂದ ಮೂಗು ಒರೆಸಿಕೊಂಡು, “ಆತು ಮಾಲಕ್ಕ, ಬೋಣಿ ಆತು” ಎಂದು ಬುಟ್ಟಿ ಹೊತ್ತು ಹೋದಳು.

“ನೋಡಿದ್ರಾ ಅತ್ತಿಗೆ? ನಾನು ಹೇಳಿರ್ಲಿಲ್ವಾ?” ಎಂದಳು ಮಾಲಿನಿ. ಗುಂಡಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ 'ಮಾತ್ರೆ ಶುರು ಮಾಡ್ಬಹುದಾ' ಎಂದು ಡಾಕ್ಟರಿಗೆ ಫೋನ್ ಮಾಡಿಸಿದಳು. “ನಾಲ್ಕು ದಿನ ತಿನ್ಲಿ, ಆಮೇಲೆ ನೋಡುವ” ಎಂದರು ಅವರು.

ಮರುದಿನ ಅವಳು ಮೂಸಿದಳು, ತಿನ್ನಲಿಲ್ಲ. ಅದರ ಮರುದಿನ ಬೆಳಿಗ್ಗೆ ಮಾಲಿನಿ ಪೆಡಲಿನ ಮೇಲೆ ಕಾಲಿಟ್ಟಾಗ ಬಾಲ ಅಲುಗಲಿಲ್ಲ. ಹಿತ್ತಲಿನ ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು. ಗುಂಡಿ ತೋಡಲು ಇಲಿಯಾಸ್ ಬಂದಿದ್ದ, ಹಳೆಯ ಬಟ್ಟೆ ಹಾಕಿಕೊಂಡು.

ಹೀಗೆ ಮುಗಿಯಿತು. ಕಾದದ್ದು ಸರಿಯಾ ಎಂದು ನನ್ನನ್ನು ಕೇಳಿದರೆ ಹೇಳಲಾರೆ. ಎರಡು ಚೂರು ಮೀನಿಗಾಗಿ ಅವಳು ಅಷ್ಟು ದಿನ ನರಳಿದಳು. ಆ ಎರಡು ಚೂರಿಲ್ಲದಿದ್ದರೆ ಮಾಲಿನಿಯ ಕೈಯಿಂದ ಅವಳು ತಿಂದ ಕೊನೆಯ ತುತ್ತು ಉಪ್ಪಿನ ಬಂಗಡೆಯೇ ಆಗಿ ಉಳಿಯುತ್ತಿತ್ತು.

ಗುಂಡಿ ಡಬ್ಬಿಯಲ್ಲಿ ಅರ್ಧ ಮಾತ್ರೆಗಳು ಉಳಿದಿವೆ. ಬಿಸಾಡು ಎಂದರೆ ಮಾಲಿನಿ ಕೇಳುವುದಿಲ್ಲ. ಈಗ ನನ್ನ ಸ್ಟ್ರಿಪ್ಪು ಬದಿಗಿಟ್ಟಿದ್ದಾಳೆ. ಬೆಳಿಗ್ಗೆ ದೀಪ ಹಚ್ಚಿ ಬರುವಷ್ಟರಲ್ಲಿ ಒಂದು ಲೋಟ ನೀರು ಹಿಡಿದು, ಅಂಗೈಯಲ್ಲಿ ಎರಡು ಅರ್ಧಗಳನ್ನು ಇಟ್ಟುಕೊಂಡು ನಿಂತಿರುತ್ತಾಳೆ. ನಾನು ನುಂಗುತ್ತೇನೆ. ಅವಳು ಹೋಗುವುದಿಲ್ಲ. ನನ್ನ ಗಂಟಲು ಅಲುಗುವವರೆಗೆ ನೋಡುತ್ತಾಳೆ.

“ಶೋ ಮಿ, ಅತ್ತಿಗೆ.”

ನಾನು ಬಾಯಿ ತೆರೆದು ತೋರಿಸುತ್ತೇನೆ.